ಸಜ್ಜೆಯಡಿ ಕೂತ ಹೆಜ್ಜೇನು: ಓಡಿಸಬೇಕಾ, ಬಿಡಬೇಕಾ?

ಪ್ರಶ್ನೆ: ನಾವು ಬೆಂಗಳೂರಿನ ಹೆಬ್ಬಾಳದ ಕಡೆ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿದ್ದೇವೆ. ಸಂಕ್ರಾಂತಿ ಕಳೆದ ಮೇಲೆ ಅಡುಗೆಮನೆ ಪಕ್ಕದ ಯುಟಿಲಿಟಿ ಬಾಲ್ಕನಿಯ ಸಜ್ಜೆ ಕೆಳಗೆ ಹೆಜ್ಜೇನು ಬಂದು ಕೂತಿದೆ. ಒಂದು ತಿಂಗಳಲ್ಲಿ ಮೊರದಷ್ಟು ಅಗಲ ಆಗಿದೆ. ವಾಷಿಂಗ್ ಮಷಿನ್ ಇರುವುದು ಅಲ್ಲೇ, ಈಗ ಹಾಕುವುದನ್ನೇ ಬಿಟ್ಟಿದ್ದೇವೆ. ರಾತ್ರಿ ಅಡುಗೆಮನೆ ಟ್ಯೂಬ್‌ಲೈಟಿಗೆ ಹುಳಗಳು ಬರುತ್ತವೆ, ಬೆಳಿಗ್ಗೆ ನೆಲದ ಮೇಲೆ ಸತ್ತು ಬಿದ್ದಿರುತ್ತವೆ. ಮಗಳಿಗೆ ಐದು ವರ್ಷ, ಬರಿಗಾಲಲ್ಲಿ ಓಡಾಡುತ್ತಾಳೆ. ಮೂರನೇ ಮಹಡಿಯವರು ಒಣಹಾಕಿದ ಬಟ್ಟೆ ಮೇಲೆಲ್ಲ ಹಳದಿ ಮಚ್ಚೆ ಬೀಳುತ್ತಿದೆ, ಏನೋ ವಿಷ ಇರಬೇಕು ಅಂತ ಜಗಳಕ್ಕೆ ಬಂದಿದ್ದಾರೆ. ಅಸೋಸಿಯೇಷನ್ನಿನವರು ಈ ಭಾನುವಾರ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ಔಷಧಿ ಹೊಡೆಸುತ್ತೇವೆ ಅನ್ನುತ್ತಿದ್ದಾರೆ. ವಾಚ್‌ಮನ್, ಅಮಾವಾಸ್ಯೆ ದಿನ ಸೀಮೆಎಣ್ಣೆ ಪಂಜು ಹಿಡಿದರೆ ಮುಗಿಯಿತು ಅನ್ನುತ್ತಾನೆ. ನಮ್ಮತ್ತೆ, ಮನೆಗೆ ಜೇನು ಕಟ್ಟುವುದು ಲಕ್ಷ್ಮಿ ಬಂದಂತೆ, ಓಡಿಸಬೇಡಿ ಅನ್ನುತ್ತಾರೆ. ಪಕ್ಕದ ಮನೆಯವರು ಅದು ಅಪಶಕುನ, ಓಡಿಸಿದರೂ ಸೇಡು ಇಟ್ಟುಕೊಂಡು ವಾಪಸ್ ಬರುತ್ತವೆ ಅನ್ನುತ್ತಾರೆ. ಇನ್ನೊಂದು ವಿಷಯ. ನಮ್ಮ ಮಾವನವರಿಗೆ ಕೆಲವು ವರ್ಷದ ಹಿಂದೆ ಊರಲ್ಲಿ ಒಂದೇ ಒಂದು ಜೇನು ಕಚ್ಚಿ, ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಸೇರಿಸಬೇಕಾಗಿತ್ತು. ನಾವು ಏನು ಮಾಡಬೇಕು?

ಉತ್ತರ: ಮೊದಲು ಭಾನುವಾರದ ಔಷಧಿ ಹೊಡೆಸುವುದನ್ನು ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ, ಅಸೋಸಿಯೇಷನ್ನಿನವರಿಗೆ ಮಾತ್ರ ಇವತ್ತೇ ಒಂದು ಫೋನ್ ಮಾಡಿಬಿಡಿ.

ನಿಮ್ಮ ಪತ್ರದಲ್ಲಿ ಹಲವು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಟ್ಟೆ ಮೇಲಿನ ಮಚ್ಚೆ, ರಾತ್ರಿ ಬರುವ ಹುಳ, ಶಕುನ, ಸೇಡು. ಇವೆಲ್ಲಕ್ಕೂ ಉತ್ತರ ಇದೆ, ಇವುಗಳಲ್ಲಿ ನಿದ್ದೆಗೆಡುವಂಥದ್ದು ಯಾವುದೂ ಇಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ನೀವು "ಇನ್ನೊಂದು ವಿಷಯ" ಅಂತ ಕೊನೆಗೆ ಸೇರಿಸಿದ ಮಾತು. ನಿಮ್ಮ ಮಾವನವರು ಆ ಮನೆಯಲ್ಲಿ ಇಲ್ಲದಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಅವರಿರುವುದರಿಂದ ಬೇರೆಯೇ ಆಗುತ್ತದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ, ನಿಮ್ಮ ಸಜ್ಜೆ ಕೆಳಗೆ ಬಂದು ಕೂತಿರುವವರು ಯಾರು ಅಂತ ಸ್ವಲ್ಪ ಗೊತ್ತಿರಲಿ.

ನಮ್ಮ ಕಡೆ ಕಾಣುವ ಜೇನುಗಳಲ್ಲಿ ತುಡುವೆ ಜೇನು ಮರದ ಪೊಟರೆಯಲ್ಲಿ, ಗೋಡೆ ಸಂದಿಯಲ್ಲಿ ಕತ್ತಲೆ ನೋಡಿಕೊಂಡು ಗೂಡು ಕಟ್ಟುತ್ತದೆ. ಅದನ್ನೇ ಪೆಟ್ಟಿಗೆಯಲ್ಲಿ ಸಾಕುವುದು. ಕೋಲು ಜೇನು ಚಿಕ್ಕದು, ಪೊದೆಯ ಕಡ್ಡಿಗೆ ಅಂಗೈಯಷ್ಟು ಎರಿ, ಅಂದರೆ ಮೇಣದ ಹಲ್ಲೆ, ಕಟ್ಟುತ್ತದೆ. ಮಿಸ್ರಿ ಜೇನಿಗೆ ಕಚ್ಚಲು ಕೊಂಡಿಯೇ ಇಲ್ಲ ಅನ್ನಬಹುದು. ಹೆಜ್ಜೇನಿನ ದಾರಿಯೇ ಬೇರೆ. ಅದಕ್ಕೆ ಗೋಡೆಯೂ ಬೇಡ, ಬಾಗಿಲೂ ಬೇಡ. ಎತ್ತರದ ಮರದ ದಪ್ಪ ಕೊಂಬೆ, ಬಂಡೆಯ ಚಾಚು, ಇಂಥ ಕಡೆ ಒಂದೇ ಒಂದು ಎರಿಯನ್ನು ಬಯಲಿಗೆ ತೂಗುಹಾಕುತ್ತದೆ. ಎರಿ ಒಂದು ಮೀಟರ್ ಅಗಲ ಆಗುವುದೂ ಉಂಟು. ನಗರದಲ್ಲಿ ಅಂಥ ಬಂಡೆ ಸಿಗುವುದಿಲ್ಲ, ಆದರೆ ನೀರಿನ ಟ್ಯಾಂಕ್, ಫ್ಲೈಓವರ್, ಎತ್ತರದ ಕಟ್ಟಡದ ಸಜ್ಜೆ ಸಿಗುತ್ತವೆ. ನಿಮ್ಮ ನಾಲ್ಕನೇ ಮಹಡಿ ಅದರ ಕಣ್ಣಿಗೆ ಒಳ್ಳೆ ಬಂಡೆ. ಮೇಲೆ ನೆರಳು, ಕೆಳಗೆ ಖಾಲಿ, ಕರಡಿ ಹತ್ತುವ ಭಯ ಇಲ್ಲ.

ಬಯಲಲ್ಲಿ ತೂಗುವ ಗೂಡಿಗೆ ಬಿಸಿಲು, ಗಾಳಿ, ಶತ್ರು ಎಲ್ಲದರಿಂದಲೂ ರಕ್ಷಣೆ ಬೇಕಲ್ಲ, ಅದಕ್ಕೆ ಹುಳಗಳೇ ಗೋಡೆ. ನೀವು ನೋಡುತ್ತಿರುವ ಕಂದು ಬಣ್ಣದ ಪರದೆ ಎರಿಯಲ್ಲ, ಅದರ ಮೇಲೆ ಒಂದರ ಮೇಲೊಂದು ಪದರವಾಗಿ ನೇತುಬಿದ್ದಿರುವ ಸಾವಿರಾರು ಕೆಲಸಗಾರ ಹುಳಗಳು. ದೊಡ್ಡ ಹುಟ್ಟಿನಲ್ಲಿ, ಅಂದರೆ ಜೇನುಗೂಡಿನಲ್ಲಿ, ಹತ್ತಾರು ಸಾವಿರ ಹುಳ ಇರುತ್ತವೆ. ಎರಿ ಅದರ ಹಿಂದೆ ಅಡಗಿರುತ್ತದೆ. ಮೇಲ್ಭಾಗದ ದಪ್ಪ ಮೂಲೆಯಲ್ಲಿ ಜೇನುತುಪ್ಪ, ಕೆಳಗೆ ಮರಿಗಳು.

ಆ ಪರದೆಯನ್ನು ಅಡುಗೆಮನೆ ಗಾಜಿನ ಹಿಂದೆ ನಿಂತು ಸುಮ್ನೆ ಹತ್ತು ನಿಮಿಷ ನೋಡಿ. ಮಧ್ಯಾಹ್ನದ ಬೆಳಕಿದ್ದರೆ ಒಳ್ಳೆಯದು. ಮೊದಲು ಏನೂ ಆಗುವುದಿಲ್ಲ, ಗೋಡೆಗೆ ಅಂಟಿಸಿದ ಕಂಬಳಿಯಂತೆ ಇರುತ್ತದೆ. ಹತ್ತಿರದಲ್ಲಿ ಒಂದು ಕಡಜ ಸುಳಿದಾಡಿದರೆ ಸಾಕು, ಒಂದು ಜಾಗದಿಂದ ಶುರುವಾಗಿ ಇಡೀ ಪರದೆಯ ಮೇಲೆ ಮಿಂಚಿನ ಅಲೆಯೊಂದು ಹಾದುಹೋಗುತ್ತದೆ. ಒಂದೊಂದು ಹುಳವೂ ತನ್ನ ಹಿಂಬದಿಯನ್ನು ಪಟ್ಟನೆ ಮೇಲೆತ್ತಿ ಇಳಿಸುತ್ತದೆ. ಪಕ್ಕದ್ದು ಅದನ್ನು ನೋಡಿ ತಾನೂ ಎತ್ತುತ್ತದೆ. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ಅಲೆ ಈ ತುದಿಯಿಂದ ಆ ತುದಿ ಮುಟ್ಟಿರುತ್ತದೆ. ಇದು ಕಡಜವನ್ನು ದೂರ ಇಡುವ ತಂತ್ರ ಅನ್ನುವುದನ್ನು 2008ರಲ್ಲಿ ವಿಜ್ಞಾನಿಗಳು ವಿಡಿಯೋ ಹಿಡಿದು ತೋರಿಸಿದರು. ಒಬ್ಬರನ್ನೂ ಕಚ್ಚದೆ, ಒಂದು ಹುಳವನ್ನೂ ಕಳೆದುಕೊಳ್ಳದೆ ಶತ್ರುವನ್ನು ಹೆದರಿಸಿ ಕಳಿಸುವ ಉಪಾಯ. ನನಗಂತೂ ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ.

ಇದರಲ್ಲಿ ನಿಮಗೊಂದು ಉಪಯೋಗವೂ ಇದೆ. ನೀವು ಬಾಲ್ಕನಿ ಬಾಗಿಲು ತೆರೆದಾಗ ಆ ಅಲೆ ಎದ್ದರೆ ಹುಳಗಳು ನಿಮ್ಮನ್ನು ಗಮನಿಸಿವೆ ಅಂತ ಅರ್ಥ. ಅಲ್ಲಿಗೇ ನಿಂತು, ಕೈ ಬೀಸದೆ, ನಿಧಾನವಾಗಿ ಹಿಂದೆ ಸರಿಯಿರಿ. ಅವು ಕಚ್ಚುವ ಮುಂಚೆ ಎಚ್ಚರಿಕೆ ಕೊಡುತ್ತವೆ, ನಮಗೆ ಓದಲು ಬರುವುದಿಲ್ಲ ಅಷ್ಟೇ.

ಈಗ ಹಳದಿ ಮಚ್ಚೆ. ಅದು ವಿಷವಲ್ಲ, ಜೇನಿನ ಹಿಕ್ಕೆ. ಹೆಜ್ಜೇನು ದಿನದಲ್ಲಿ ಒಮ್ಮೊಮ್ಮೆ ನೂರಾರು ಸಾವಿರಾರು ಒಟ್ಟಿಗೆ ಎದ್ದು ಹಾರಿ, ಗಾಳಿಯಲ್ಲೇ ಹೊಟ್ಟೆ ಖಾಲಿ ಮಾಡಿಕೊಂಡು ಬರುತ್ತವೆ. ಮಲೇಷ್ಯಾದಲ್ಲಿ ನಡೆದ ಅಧ್ಯಯನವೊಂದು ಇದು ಬರೀ ಶೌಚವಲ್ಲ, ಮೈ ತಂಪು ಮಾಡಿಕೊಳ್ಳುವ ದಾರಿಯೂ ಹೌದು ಎಂದು ಹೇಳಿದೆ. ಮರಿಗಳಿರುವ ಎರಿ ಕಾದು ಹೋಗಬಾರದು. ಮೈಮೇಲಿನ ಬಿಸಿಯನ್ನು ಗೂಡಿಗೆ ತರುವ ಬದಲು ಹೊರಗೇ ಚೆಲ್ಲಿ ಬರುತ್ತವೆ. ಹಳದಿ ಬಣ್ಣ ಬರುವುದು ತಿಂದ ಪರಾಗದಿಂದ. ಒಣಗುವ ಮುಂಚೆ ತಣ್ಣೀರಲ್ಲಿ ನೆನೆಸಿದರೆ ಬಹುತೇಕ ಹೋಗುತ್ತದೆ. ಕೆಳಗಿನ ಮನೆಯವರು ಬಟ್ಟೆಯನ್ನು ಸ್ವಲ್ಪ ದಿನ ಒಳಗೆ ಅಥವಾ ಇನ್ನೊಂದು ಬದಿಯಲ್ಲಿ ಒಣಹಾಕಲಿ.

ಅವರು "ವಿಷ" ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಇದೇ ಹಳದಿ ಮಚ್ಚೆ ನೋಡಿ ಅಮೆರಿಕದಂಥ ಅಮೆರಿಕವೇ ಹೆದರಿತ್ತು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಲಾವೋಸ್, ಕಾಂಬೋಡಿಯಾ ಕಡೆಯ ನಿರಾಶ್ರಿತರು ಆಕಾಶದಿಂದ ಹಳದಿ ಮಳೆ ಸುರಿಯಿತು, ಜನ ಕಾಯಿಲೆ ಬಿದ್ದರು ಅಂತ ಹೇಳತೊಡಗಿದರು. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್, ಇದು ಸೋವಿಯತ್ ಒಕ್ಕೂಟ ಕೊಟ್ಟ ರಾಸಾಯನಿಕ ಅಸ್ತ್ರ ಎಂದು ಬಹಿರಂಗವಾಗಿ ಆರೋಪಿಸಿದರು. ಎಲೆಗಳ ಮೇಲಿನ ಹಳದಿ ಹನಿಗಳನ್ನು ಪ್ರಯೋಗಾಲಯಕ್ಕೆ ತಂದರು. ನೋಡಿದರೆ ಅದರ ತುಂಬಾ ಪರಾಗ. ಅಸ್ತ್ರದಲ್ಲಿ ಪರಾಗ ಯಾಕೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೇನುತಜ್ಞ ಥಾಮಸ್ ಸೀಲಿ ಇದನ್ನು ಬೆನ್ನುಹತ್ತಿದರು. ಆ ಪರಾಗದ ಕಾಳುಗಳು ಒಳಗೆ ಖಾಲಿ ಇದ್ದವು, ಬರೀ ಸಿಪ್ಪೆ. ಅಂದರೆ ಯಾವುದೋ ಹೊಟ್ಟೆಯಲ್ಲಿ ಜೀರ್ಣವಾಗಿ ಬಂದದ್ದು. 1984ರಲ್ಲಿ ಅವರು ಥಾಯ್ಲೆಂಡಿಗೆ ಹೋದಾಗ ಹೆಜ್ಜೇನಿನ ಹಿಕ್ಕೆಯ ಮಳೆ ಅವರ ಮೇಲೇ ಬಿತ್ತು! ವಾದ ಅಲ್ಲಿಗೇ ನಿಲ್ಲಲಿಲ್ಲ, ಆದರೆ ಆ ಹನಿಗಳು ಜೇನಿನ ಹಿಕ್ಕೆ ಅನ್ನುವುದನ್ನು ವಿಜ್ಞಾನ ಲೋಕ ಒಪ್ಪಿತು. ಮೂರನೇ ಮಹಡಿಯವರಿಗೆ ಕಾಫಿಗೆ ಕರೆದು ಈ ಕಥೆ ಹೇಳಿ, ಸಿಟ್ಟು ಸ್ವಲ್ಪ ಇಳಿಯಬಹುದು.

ರಾತ್ರಿ ಬರುವ ಹುಳಗಳ ವಿಷಯ. ಬೇರೆ ಜೇನುಗಳು ಸಂಜೆಗೆ ಗೂಡು ಸೇರಿದರೆ ಬೆಳಿಗ್ಗೆಯೇ ಹೊರಡುವುದು. ಹೆಜ್ಜೇನು ಬೆಳದಿಂಗಳಲ್ಲಿ ಹೂವಿಗೆ ಹೋಗಬಲ್ಲದು. ಹಾಗಾಗಿ ಕತ್ತಲಲ್ಲಿ ಬೆಳಕು ಕಂಡರೆ ಅದು ದಾರಿ ತಪ್ಪುತ್ತದೆ. ನಿಮ್ಮ ಟ್ಯೂಬ್‌ಲೈಟಿಗೆ ಬರುವ ಹುಳ ದಾಳಿಗೆ ಬಂದದ್ದಲ್ಲ, ದಿಕ್ಕು ಕೆಟ್ಟು ಬಂದದ್ದು. ಸುತ್ತಿ ಸುತ್ತಿ ಸುಸ್ತಾಗಿ ಬಿದ್ದು ಸಾಯುತ್ತದೆ. ಸಂಜೆ ಆರರ ಮೇಲೆ ಆ ಬದಿಯ ಕಿಟಕಿಗೆ ದಪ್ಪ ಪರದೆ ಹಾಕಿ, ಬಾಲ್ಕನಿ ಲೈಟನ್ನು ಹಚ್ಚಲೇಬೇಡಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಅಷ್ಟಕ್ಕೇ ಮುಕ್ಕಾಲು ಪಾಲು ನಿಲ್ಲುತ್ತದೆ. ಆದರೂ ಒಳಗೆ ಒಂದು ಬಂದರೆ ಪೊರಕೆಯಲ್ಲಿ ಬಡಿಯಬೇಡಿ. ಅದು ಎಲ್ಲಾದರೂ ಕೂತಾಗ ಮೇಲೆ ಲೋಟ ಮಗುಚಿ, ಅಡಿಗೆ ಒಂದು ರಟ್ಟು ಜಾರಿಸಿ ಹೊರಗೆ ಬಿಡಿ. ಬೆಳಿಗ್ಗೆ ಮಗಳು ಏಳುವ ಮುಂಚೆ ನೆಲ ಗುಡಿಸಿ. ಸತ್ತ ಜೇನಿನ ಕೊಂಡಿಯೂ ಕಾಲಿಗೆ ಚುಚ್ಚುತ್ತದೆ, ವಿಷವೂ ಇಳಿಯುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಮನೆಯೊಳಗೆ ಚಪ್ಪಲಿ ಹಾಕುವ ಅಭ್ಯಾಸ ಸ್ವಲ್ಪ ದಿನ ಮಾಡಿಸಿ.

ಲಕ್ಷ್ಮಿಯೋ ಅಪಶಕುನವೋ ಅನ್ನುವುದಕ್ಕೆ ಕೀಟಶಾಸ್ತ್ರದಲ್ಲಿ ಉತ್ತರ ಇಲ್ಲ. ಆದರೆ ನಿಮ್ಮತ್ತೆಯವರ ಮಾತಿನ ಪಕ್ಷ ನಾನು ಸ್ವಲ್ಪ ಜಾಸ್ತಿ. ಕೊಡಗಿನ ರೋಬಸ್ಟಾ ಕಾಫಿ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದ ಮೇಲೆ ಕೆಲವೇ ದಿನ ಅರಳುವ ಆ ಬಿಳಿ ಹೂವಿಗೆ ಮುಖ್ಯವಾಗಿ ಬರುವುದು ಇದೇ ಹೆಜ್ಜೇನು. ಇದನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ತಾನಾಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸೇಡಿನ ಮಾತು ಮಾತ್ರ ಪೂರ್ತಿ ಸುಳ್ಳು ಅಂತ ತಳ್ಳಿಹಾಕಲು ಆಗದು, ಅದರ ಹಿಂದೆ ಒಂದು ನಿಜ ಇದೆ. ಜೇನು ಕಚ್ಚಿದಾಗ ಕೊಂಡಿ ನಮ್ಮ ಚರ್ಮದಲ್ಲೇ ಉಳಿಯುತ್ತದೆ. ಅದರಿಂದ ಒಂದು ವಾಸನೆ ಹೊರಡುತ್ತದೆ, ಮನುಷ್ಯರ ಮೂಗಿಗೆ ಬಾಳೆಹಣ್ಣಿನ ಥರ. ಬೇರೆ ಹುಳಗಳಿಗೆ ಅದು "ಶತ್ರು ಇಲ್ಲಿದ್ದಾನೆ" ಅನ್ನುವ ಗುರುತು. ಒಂದು ಕಚ್ಚಿದ ಜಾಗಕ್ಕೇ ಹತ್ತು ಬಂದು ಕಚ್ಚುವುದು ಇದಕ್ಕೇ. ಬಟ್ಟೆಗೆ ಆ ವಾಸನೆ ಅಂಟಿದ್ದು ಅದೇ ಬಟ್ಟೆಯಲ್ಲಿ ಮತ್ತೆ ಆ ಕಡೆ ಹೋದರೆ ಮತ್ತೆ ಕಚ್ಚಬಹುದು. ನೋಡಿದವರಿಗೆ ಅದು ಗುರುತು ಹಿಡಿದು ಸೇಡು ತೀರಿಸಿಕೊಂಡಂತೆ ಕಾಣುತ್ತದೆ. ಇನ್ನು ಓಡಿಸಿದರೂ ವಾಪಸ್ ಬರುತ್ತವೆ ಅನ್ನುವುದು ನಿಜ, ಸೇಡಿಗಲ್ಲ, ಜಾಗ ಇಷ್ಟವಾಗಿದ್ದಕ್ಕೆ. ಹೆಜ್ಜೇನು ವಲಸೆಯ ಜೀವಿ. ಹೂವಿನ ಕಾಲ ಮುಗಿದರೆ ಎರಿ ಬಿಟ್ಟು ಹೊರಟುಹೋಗುತ್ತದೆ. ತಿಂಗಳುಗಳ ಮೇಲೆ ಅದೇ ರಾಣಿಯ ಕುಟುಂಬ ಹಳೇ ಜಾಗಕ್ಕೇ ಮರಳುತ್ತದೆ ಎಂದು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವಂಶವಾಹಿ ಪರೀಕ್ಷೆಗಳು ತೋರಿಸಿದವು. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದು ಆಲದ ಮರ ಇದೆ, ನೂರಾರು ಹೆಜ್ಜೇನು ಹುಟ್ಟುಗಳು ಒಂದೇ ಮರಕ್ಕೆ ಬರುವುದಕ್ಕೆ ಹೆಸರಾದದ್ದು. ಅಂಥ ಮರ ಕಡಿದಲ್ಲೆಲ್ಲ ಅವು ನಮ್ಮ ಸಜ್ಜೆ ಹುಡುಕಿಕೊಂಡು ಬರುತ್ತವೆ, ಅಲ್ವಾ?

ಅಮಾವಾಸ್ಯೆಯ ಪಂಜಿಗೂ ಒಂದು ಮೂಲ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆ ಕಡೆಯ ಜೇನುಕುರುಬರು ತಲೆತಲಾಂತರದಿಂದ ಹೆಜ್ಜೇನು ಬಿಡಿಸುತ್ತಾ ಬಂದವರು. ಕತ್ತಲ ರಾತ್ರಿ ಆರಿಸುವುದಕ್ಕೆ ಕಾರಣ ಸರಳ, ಹುಳಕ್ಕೆ ಆಗ ಕಣ್ಣು ಕಾಣದು. ಹಸಿ ಸೊಪ್ಪು ಸುತ್ತಿದ ದೊಂದಿಯ ಹೊಗೆ ಕೊಟ್ಟು, ಕಿಡಿ ಕೆಳಗೆ ಉದುರಿಸಿದರೆ ಹುಳಗಳು ಆ ಬೆಳಕಿನ ಬೆನ್ನು ಹತ್ತಿ ಕೆಳಗಿಳಿಯುತ್ತವೆ. ಅದು ಹುಟ್ಟು ಸುಡುವ ಕೆಲಸವಲ್ಲ, ಹುಳ ಸರಿಸುವ ಕೆಲಸ. ನಿಮ್ಮ ವಾಚ್‌ಮನ್ ಹೇಳುವುದು ಸೀಮೆಎಣ್ಣೆ ಪಂಜು. ನಾಲ್ಕನೇ ಮಹಡಿಯಲ್ಲಿ, ಗ್ಯಾಸ್ ಪೈಪ್ ಹಾದುಹೋಗುವ ಬಾಲ್ಕನಿಯಲ್ಲಿ! ಅದೂ ಅಲ್ಲದೆ ಅವನ ಕಾಡಿನ ಕತ್ತಲೆ ಬೆಂಗಳೂರಲ್ಲಿ ಎಲ್ಲಿದೆ? ಬೆಂಕಿಗೆ ಬೆದರಿದ ಹುಳ ಎದುರು ಮನೆಗಳ ಲೈಟಿಗೆ ನುಗ್ಗುತ್ತದೆ. ಮಾತೇ ಬೇಡ.

ಇದಕ್ಕೇ ಔಷಧಿಯೂ ಬೇಡ ಅಂದದ್ದು. ಸ್ಪ್ರೇ ಹೊಡೆದ ತಕ್ಷಣ ಎಲ್ಲ ಹುಳ ಸಾಯುವುದಿಲ್ಲ. ಹೊರ ಪದರದವು ಸಾಯುತ್ತವೆ, ಒಳಗಿನವು ಎದ್ದು ಬರುತ್ತವೆ. ಅರೆಜೀವದವು ಕೆಳಗಿನ ಮೂರು ಮಹಡಿಯ ಬಾಲ್ಕನಿಗಳಲ್ಲಿ, ಮಕ್ಕಳ ಆಟದ ಜಾಗದಲ್ಲಿ ಉದುರಿ ತೆವಳುತ್ತವೆ. ಆ ಎರಿಯ ತುಪ್ಪದಲ್ಲಿ ವಿಷ ಸೇರುತ್ತದೆ. ಕೆಲಸ ಮುಗಿದ ಮೇಲೆ ಯಾರೋ ಅದನ್ನು ಕೆಡವಿ ಬಾಟಲಿಗೆ ತುಂಬಿ ಮಾರಿದ್ದನ್ನು ನಾನು ನೋಡಿದ್ದೇನೆ. ಇಷ್ಟೆಲ್ಲ ಮಾಡಿ ಮೇಣದ ಗುರುತು ಸಜ್ಜೆಯಲ್ಲೇ ಉಳಿದಿದ್ದರೆ ಅದೇ ಜಾಗಕ್ಕೆ ಇನ್ನೊಂದು ಹಿಂಡು ಬರಬಹುದು. ದುಡ್ಡೂ ಹೋಯಿತು, ಹುಳವೂ ಹೋಗಲಿಲ್ಲ.

ಇನ್ನು ಸುಮ್ಮನೆ ಬಿಡುವ ದಾರಿ. ನನ್ನನ್ನು ಕೇಳುವ ಹತ್ತು ಮನೆಗಳಲ್ಲಿ ಎಂಟಕ್ಕೆ ನಾನು ಹೇಳುವುದು ಇದನ್ನೇ. ಬೆಂಗಳೂರಿನ ಸುತ್ತ ಹೆಜ್ಜೇನು ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಬರುತ್ತದೆ, ಹೊಂಗೆ, ನೀಲಗಿರಿ ಹೂವಿನ ಕಾಲ ಕಳೆದು ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಹೊರಡುತ್ತದೆ. ತೂಗುತ್ತಿರುವ ಹುಟ್ಟು ಅಪಾಯ ಅಲ್ಲ, ಕೆಣಕಿದ ಹುಟ್ಟು ಅಪಾಯ. ಕೆಣಕುವವರು ಬರೀ ಕಲ್ಲು ಹೊಡೆಯುವ ಹುಡುಗರಲ್ಲ. ಕೆಳಗೆ ಹೋಮದ ಹೊಗೆ, ಪಟಾಕಿ, ಡ್ರಿಲ್ಲಿಂಗ್ ಮಷಿನ್, ಗಾಜು ಒರೆಸಲು ಹಗ್ಗದಲ್ಲಿ ಇಳಿಯುವ ಕೆಲಸದವರು, ಮದುವೆ ವಿಡಿಯೋದ ಡ್ರೋನ್, ಎಲ್ಲವೂ ಕೆಣಕುತ್ತವೆ. ಇನ್ನೊಬ್ಬ ಅಪರಾಧಿ ಆಕಾಶದಲ್ಲಿದ್ದಾನೆ. ಜೇನುಗಿಡುಗ ಎಂಬ ಹದ್ದಿನಂಥ ಹಕ್ಕಿ ಎರಿಯ ಮರಿಗಳನ್ನು ತಿನ್ನಲು ಹುಟ್ಟಿಗೇ ಎರಗುತ್ತದೆ. ಅದರ ಮುಖದ ಪುಕ್ಕ ಮೀನಿನ ಹುರುಪೆಯಂತೆ ಒತ್ತೊತ್ತಾಗಿದ್ದು ಕೊಂಡಿ ನಾಟುವುದಿಲ್ಲ. ಹಕ್ಕಿ ಎರಿಯ ತುಂಡು ಕಿತ್ತುಕೊಂಡು ಹಾರಿಹೋಗುತ್ತದೆ, ಸಿಟ್ಟಿಗೆದ್ದ ಹುಳ ಕೆಳಗೆ ನಡೆದು ಹೋಗುತ್ತಿದ್ದವರ ಮೇಲೆ ಬೀಳುತ್ತದೆ. "ಏನೂ ಮಾಡಿಲ್ಲ, ಸುಮ್ನೆ ಹೋಗ್ತಿದ್ವಿ" ಅಂತ ಆಸ್ಪತ್ರೆಯಲ್ಲಿ ಜನ ಹೇಳುವುದು ಎಷ್ಟೋ ಸಲ ಅಕ್ಷರಶಃ ನಿಜ. ಸುಮ್ಮನೆ ಬಿಡುವ ದಾರಿಯಲ್ಲಿ ಉಳಿಯುವ ಅಪಾಯ ಇದು. ಚಿಕ್ಕದು, ಆದರೆ ನಮ್ಮ ಕೈಯಲ್ಲಿ ಇಲ್ಲ.

ಹುಳ ಮೈಮೇಲೆ ಬಂದರೆ ಏನು ಮಾಡಬೇಕು ಅನ್ನುವುದು ಇಡೀ ಕಟ್ಟಡಕ್ಕೆ ಗೊತ್ತಿರಬೇಕು. ನಿಲ್ಲಬೇಡಿ, ಮಲಗಬೇಡಿ, ಓಡಿ. ಮುಖಕ್ಕೆ ಬಟ್ಟೆ ಹಿಡಿದುಕೊಂಡು ಹತ್ತಿರದ ಬಾಗಿಲು ಹಾಕುವ ಜಾಗಕ್ಕೆ, ಕಾರಾದರೂ ಸರಿ, ನೇರವಾಗಿ ಓಡಿ. ಹೆಜ್ಜೇನು ನೂರಾರು ಮೀಟರ್ ಅಟ್ಟಿಸಿಕೊಂಡು ಬರುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ನೀರಿಗೆ ಹಾರಬೇಡಿ, ಅವು ಮೇಲೇ ಕಾಯುತ್ತವೆ, ನೀವು ಉಸಿರಿಗೆ ತಲೆ ಎತ್ತಲೇಬೇಕು. ಒಳಗೆ ಸೇರಿದ ಮೇಲೆ ಕೊಂಡಿ ತೆಗೆಯಿರಿ. ಉಗುರಲ್ಲಿ ಕೆರೆಯಬೇಕೋ, ಚಿವುಟಿ ಎಳೆಯಬೇಕೋ ಎಂಬ ಚರ್ಚೆ ಬೇಡ. ವಿಷದ ಚೀಲ ಕೊಂಡಿಯ ಜೊತೆಗೇ ಉಳಿದು ತಾನಾಗಿ ಒತ್ತುತ್ತಿರುತ್ತದೆ, ಬಹುಪಾಲು ವಿಷ ಮೊದಲ ಅರ್ಧ ನಿಮಿಷದಲ್ಲೇ ಇಳಿದಿರುತ್ತದೆ. ಹೇಗಾದರೂ ಸರಿ, ಬೇಗ ತೆಗೆಯುವುದು ಮುಖ್ಯ. ಆಮೇಲೆ ಸೋಪು ನೀರು, ಐಸ್. ಸುಣ್ಣ ಹಚ್ಚಬೇಡಿ. ವಿಷ ಆಮ್ಲ, ಸುಣ್ಣ ಅದನ್ನು ಮುರಿಯುತ್ತದೆ ಅನ್ನುವ ಲೆಕ್ಕ ಕೇಳಲು ಚೆಂದ. ಆದರೆ ನೋವು ಕೊಡುವುದು ಆಮ್ಲ ಅಲ್ಲ, ಮೆಲಿಟಿನ್ ಎಂಬ ಪ್ರೋಟೀನಿನಂಥ ವಸ್ತು, ಅದೂ ಚರ್ಮದ ಒಳಗೆ ಹೋಗಿರುತ್ತದೆ. ಮೇಲೆ ಹಚ್ಚಿದ ಸುಣ್ಣ ಚರ್ಮವನ್ನು ಸುಡುತ್ತದೆ ಅಷ್ಟೇ.

ಹೆಜ್ಜೇನಿನಿಂದ ಪ್ರಾಣಾಪಾಯ ಎರಡು ಥರ ಬರುತ್ತದೆ. ಒಂದು, ಕಡಿತಗಳ ಸಂಖ್ಯೆಯಿಂದ. ಆರೋಗ್ಯವಂತ ದೊಡ್ಡವರಿಗೆ ಒಂದೆರಡು ಕಡಿತ ಅಂದರೆ ನೋವು, ಊತ, ಎರಡು ದಿನದ ಗೊಣಗಾಟ. ಹತ್ತಾರು, ನೂರಾರು ಆದರೆ ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳಬಹುದು, ಅದು ಒಂದೆರಡು ದಿನ ತಡವಾಗಿಯೂ ಗೊತ್ತಾಗುತ್ತದೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಕಾಯಬಾರದು. ಮಗುವಿನ ಮೈ ಚಿಕ್ಕದು, ಹತ್ತು ಕಡಿತಕ್ಕೇ ಆಸ್ಪತ್ರೆಗೆ ತೋರಿಸಿ.

ಇನ್ನೊಂದು, ಅಲರ್ಜಿಯಿಂದ. ಇದಕ್ಕೆ ಸಂಖ್ಯೆ ಲೆಕ್ಕವೇ ಇಲ್ಲ, ಒಂದೇ ಕಡಿತ ಸಾಕು. ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಸಿರಾಟಕ್ಕೆ ಕಷ್ಟ, ತಲೆ ಸುತ್ತು, ವಾಂತಿ, ಇವು ಕೆಲವೇ ನಿಮಿಷದಲ್ಲಿ ಶುರುವಾಗಬಹುದು. ನಿಮ್ಮ ಮಾವನವರಿಗೆ ಊರಲ್ಲಿ ಆದದ್ದು ನೀವು ಬರೆದಂತೆ ನೋಡಿದರೆ ಇದೇ. ಒಮ್ಮೆ ಹಾಗಾದವರಿಗೆ ಮತ್ತೆ ಹಾಗೇ ಆಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಇಂಥ ಹೊತ್ತಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್, ಮನೆಯಲ್ಲಿರುವ ಅಲರ್ಜಿ ಮಾತ್ರೆಯಲ್ಲ. ಮಾತ್ರೆ ಕೊಟ್ಟು ನೋಡೋಣ ಅಂತ ಕಾಯದೆ 108ಕ್ಕೆ ಫೋನ್ ಮಾಡಬೇಕು, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಅವರನ್ನು ಈ ವಾರವೇ ಅಲರ್ಜಿ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ತೋರಿಸಿ. ಕೆಲವು ಮಾತ್ರೆಗಳು ಇಂಥ ಹೊತ್ತಲ್ಲಿ ಅಡ್ಡಬರುತ್ತವೆ.

ಈಗ ನನ್ನ ತೀರ್ಮಾನ. ಇದು ಬರೀ ಸಜ್ಜೆ ಮೇಲಿನ, ಯಾರೂ ಹೋಗದ ಮೂಲೆಯ ಹುಟ್ಟಾಗಿದ್ದರೆ ಮಳೆಗಾಲದವರೆಗೆ ಬಿಡಿ ಅನ್ನುತ್ತಿದ್ದೆ. ಆದರೆ ನಿಮ್ಮದು ದಿನಾ ಓಡಾಡುವ ಬಾಲ್ಕನಿ. ವಾಷಿಂಗ್ ಮಷಿನ್ ಅದುರಾಟ, ಅಡುಗೆಮನೆ ಹೊಗೆ, ರಾತ್ರಿ ಒಳಬರುವ ಹುಳ, ಅದರ ಜೊತೆಗೆ ಒಂದೇ ಕಡಿತಕ್ಕೆ ಉಸಿರು ಕಟ್ಟುವ ಹಿರಿಯರು. ಈ ಹುಟ್ಟನ್ನು ತೆರವು ಮಾಡಿಸುವುದೇ ಸರಿ. ಬೆಲೆ ಏನು ಅನ್ನುವುದೂ ಗೊತ್ತಿರಲಿ, ಎರಿಯಲ್ಲಿರುವ ಮರಿಗಳು ಉಳಿಯುವುದಿಲ್ಲ. ದೊಡ್ಡ ಹುಳಗಳು ಬೇರೆ ಜಾಗ ನೋಡಿಕೊಳ್ಳುತ್ತವೆ.

ಹೇಗೆ ಮಾಡಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಜೇನು ಬಿಡಿಸುವುದನ್ನೇ ಕಸುಬಾಗಿ ಮಾಡುವ, ಮೈಮುಚ್ಚುವ ಬಟ್ಟೆ, ಮುಖದ ಜಾಲರಿ ಇರುವವರನ್ನು ಹುಡುಕಿ. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನುಕೃಷಿ ವಿಭಾಗ ಇದೆ, ನಿಮಗೆ ಹತ್ತಿರವೂ ಹೌದು, ಅಲ್ಲಿ ವಿಚಾರಿಸಿ. ಬಂದವರಿಗೆ ಒಂದು ಪ್ರಶ್ನೆ ಕೇಳಿ: "ತುಪ್ಪದ ಭಾಗ ಮಾತ್ರ ಕೊಯ್ಯುತ್ತೀರಾ, ಇಡೀ ಎರಿ ತೆಗೆಯುತ್ತೀರಾ?" ಕಾಡಿನಲ್ಲಾದರೆ ತುಪ್ಪ ಮಾತ್ರ ಕೊಯ್ದು ಮರಿಯ ಭಾಗ ಬಿಡುವುದು ಒಳ್ಳೆಯ ಪದ್ಧತಿ, ಹುಳ ಅಲ್ಲೇ ಮುಂದುವರಿಯುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಹಾಗೆ ಮಾಡಿದರೆ ಅವರು ತುಪ್ಪ ತೆಗೆದುಕೊಂಡು ಹೋಗುತ್ತಾರೆ, ನಿಮಗೆ ಮೊದಲಿಗಿಂತ ಸಿಡುಕಿನ ಹುಟ್ಟು ಉಳಿಯುತ್ತದೆ. ಇಡೀ ಎರಿ ಬುಡಸಮೇತ ಬರಬೇಕು.

ಕತ್ತಲಾದ ಮೇಲೆ, ಮಳೆ ಗಾಳಿ ಇಲ್ಲದ ದಿನ, ಬೆಂಕಿ ಇಲ್ಲದೆ ಬರೀ ಹೊಗೆಯಲ್ಲಿ ಕೆಲಸ ನಡೆಯಲಿ. ಆ ಬದಿಯ ಎಲ್ಲ ಮನೆಗಳ ಕಿಟಕಿ ಮುಚ್ಚಿ ಲೈಟು ಆರಿಸಿರಬೇಕು. ಎಷ್ಟೋ ಕಡೆ ಎಡವಟ್ಟಾಗುವುದು ಇಲ್ಲೇ, ಒಬ್ಬರು ಮಾತ್ರ ಟಿವಿ ಹಾಕಿಕೊಂಡು ಕಿಟಕಿ ತೆಗೆದಿರುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಲದು, ಮನೆಮನೆಗೆ ಹೋಗಿ ಹೇಳಬೇಕು. ಮಾವನವರೂ ಮಗಳೂ ಹಿಂದಿನ ದಿನವೇ ಬೇರೆ ನೆಂಟರ ಮನೆಗೆ ಹೋಗಿರಲಿ, ಮೂರ್ನಾಲ್ಕು ದಿನ ಬರುವುದು ಬೇಡ. ಮರುದಿನ ಹುಳಗಳು ಅದೇ ಜಾಗದಲ್ಲಿ ಗುಯ್‌ಗುಟ್ಟುತ್ತಾ ಗುಂಪು ಕೂಡುವುದು ಸಹಜ. ಹೆದರಿ ಮತ್ತೆ ಹೊಗೆ ಹಾಕಿಸಬೇಡಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಎದ್ದು ಹೋಗುತ್ತವೆ.

ಅವು ಪೂರ್ತಿ ಹೋದ ಮೇಲೆ ಸಜ್ಜೆಗೆ ಅಂಟಿದ ಮೇಣವನ್ನು ಕರಣೆಯಲ್ಲಿ ಕೆರೆದು ತೆಗೆಸಿ, ಬಿಸಿನೀರು ಸೋಪಿನಲ್ಲಿ ಉಜ್ಜಿಸಿ, ಒಣಗಿದ ಮೇಲೆ ಪೇಂಟ್ ಹೊಡೆಸಿ. ಅದರ ಅಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಸಡಿಲ ಇಲ್ಲದಂತೆ ಬಿಗಿಯಾಗಿ ಕಟ್ಟಿಸಿ, ಜೋತುಬಿದ್ದರೆ ಅದಕ್ಕೇ ಬಂದು ಕೂರುತ್ತವೆ. ಮುಂದಿನ ಸಲ ದೀಪಾವಳಿ ಹೊತ್ತಿಗೆ ಮನೆಯ ಎಲ್ಲ ಸಜ್ಜೆಗಳನ್ನೂ ಒಮ್ಮೆ ನೋಡಿ. ಹೊಸದಾಗಿ ಬಂದ ಹಿಂಡು ಕಂಡರೆ ಗಾಬರಿ ಬೇಡ. ಎರಿ ಇಲ್ಲದೆ ಬರೀ ಹುಳದ ಗೊಂಚಲು ತೂಗುತ್ತಿದ್ದರೆ ಅದು ದಾರಿಯಲ್ಲಿ ದಣಿವಾರಿಸಿಕೊಳ್ಳಲು ಕೂತ ಹಿಂಡಾಗಿರಬಹುದು. ಎರಡು ಮೂರು ದಿನ ಆ ಬಾಗಿಲು ಮುಚ್ಚಿ, ಲೈಟು ಆರಿಸಿ ಕಾಯಿರಿ. ಆಮೇಲೂ ಇದ್ದು, ಗೊಂಚಲಿನ ಅಂಚಲ್ಲಿ ಬಿಳಿ ಮೇಣ ಕಾಣಿಸಿದರೆ ಆಗ ಮನೆ ಕಟ್ಟಲು ಶುರು ಮಾಡಿದೆ ಅಂತ. ತೆರವು ಮಾಡಿಸಲೇಬೇಕಾದರೆ ಆ ಮೊದಲ ವಾರವೇ ಮಾಡಿಸಿ, ಎರಿ ಚಿಕ್ಕದಿರುತ್ತದೆ, ಕಾಯಲು ಮರಿಗಳಿನ್ನೂ ಜಾಸ್ತಿ ಇರುವುದಿಲ್ಲ, ಹುಳಗಳೂ ಅಷ್ಟು ಹಟ ಹಿಡಿಯುವುದಿಲ್ಲ.